ರಂಗನಾಥನ ಕೆಳಗೆ ಆರು ಬಾಟಲಿ

೩೦ ಸೆಪ್ಟೆಂಬರ್ ೧೯೯೭, ಮಂಗಳವಾರ

ಎಂಟನೇ ಬಾಟಲಿಯ ಜೀವಿಗಳನ್ನು ಎಣಿಸಿ ಮುಗಿಯಿತು. ಕತ್ತು ಹಿಡಿದಿದೆ. ಕಾಲೇಜಿಗೆ ದಸರಾ ರಜೆ, ಲ್ಯಾಬಿಗೆ ಬೀಗ. ಹಾಗಾಗಿ ಮೈಕ್ರೋಸ್ಕೋಪು, ಹಡಗಿನಿಂದ ತಂದ ಇಪ್ಪತ್ತು ಬಾಟಲಿ, ಎಲ್ಲ ಶಂಕರಪುರಂ ಮನೆಗೇ ಬಂದಿವೆ.

"ಸ್ಟೇಷನ್ ಎಂಟು" ಅಂತ ಲೇಬಲ್ ನೋಡಿ ಇವರ ತಮಾಷೆ: "ಸಮುದ್ರದಲ್ಲೂ ಪ್ಲಾಟ್‌ಫಾರಂ ಟಿಕೆಟ್ ತಗೋಬೇಕಾ?" ಹಡಗು ನಿಲ್ಲಿಸಿ ಬಲೆ ಇಳಿಸುವ ಜಾಗ ಕಣ್ರೀ ಅದು ಅಂದೆ.

ಅಕ್ಟೋಬರ್ ಇಪ್ಪತ್ತರೊಳಗೆ ವರದಿ ಹೋಗಬೇಕು. ಸರಿಯಿದ್ದರೆ ಜನವರಿಯಲ್ಲೂ ಹಡಗಿನಲ್ಲಿ ಜಾಗ ಅಂದಿದ್ದಾರೆ ಮುಖ್ಯ ವಿಜ್ಞಾನಿ ಮಲ್ಲಿಕಾರ್ಜುನಯ್ಯ. ಹೋಗಲೇಬೇಕು. ಹದಿನೈದು ವರ್ಷ ಸೀಮೆಸುಣ್ಣದಲ್ಲಿ ಸಮುದ್ರ ಬರೆದವಳು, ಈಗ ತಾನೇ ರುಚಿ ಹತ್ತಿದೆ.

ಬಾಟಲಿಯಲ್ಲಿ ಏನು ಅಂತ ಅತ್ತೆ ಕೇಳಿದರು. "ಸಮುದ್ರದ ನೀರು" ಅಂದೆ. ಫಾರ್ಮಲಿನ್‌ನಲ್ಲಿ ಸತ್ತ ಸಾವಿರಾರು ಪುಟ್ಟ ಜೀವ ಅಂದಿದ್ದರೆ, ಈ ಮಡಿಯ ಮನೆಯಲ್ಲಿ ನನ್ನನ್ನೂ ಬಾಟಲಿಗೆ ಹಾಕುತ್ತಿದ್ದರು.

೨ ಅಕ್ಟೋಬರ್, ಗುರುವಾರ. ಸಂಜೆ

ಕೆಟ್ಟೆ.

ಗಾಂಧಿ ಬಜಾರಿನಿಂದ ಹೂವು ತಂದು ನೋಡುತ್ತೇನೆ — ಗೊಂಬೆ ಇಟ್ಟಾಗಿದೆ. ಮೇಲಿನ ಮೆಟ್ಟಿಲಲ್ಲಿ ಮಲಗಿದ ರಂಗನಾಥ. ಅವನ ಕೆಳಗೆ ಸಾಲಾಗಿ ಆರು ಬಾಟಲಿ, ಒಂದೊಂದಕ್ಕೂ ಕುಂಕುಮ. ಲೇಬಲ್ ಒಂದರಲ್ಲೂ ಇಲ್ಲ!

"ಕ್ಷೀರಸಾಗರ" ಅಂದರು ಅತ್ತೆ, ಮುಖ ತುಂಬ ನಗು. "ಬಣ್ಣದ ಕಾಗದದ್ದು ಎಷ್ಟು ವರ್ಷ ಇಡೋದು? ನಿಜವಾದ ಸಮುದ್ರವೇ ಮನೇಲಿದೆ. ಅಂಟಿಸಿದ್ದ ಚೀಟಿ ಬಿಸಿನೀರಲ್ಲಿ ನೆನೆಸಿ ಕಿತ್ತು, ತೊಳೆದಿಟ್ಟೆ."

ಪೆನ್ಸಿಲ್ಲಿನಲ್ಲಿ ಬರೆದ ಇನ್ನೊಂದು ಚೀಟಿ ಬಾಟಲಿಯ ಒಳಗೂ ಇರಬೇಕು. ಹಡಗಿನ ನಿಯಮ. ಆದರೆ ಒಂಬತ್ತರಿಂದ ಹದಿನಾಲ್ಕರವರೆಗೆ ನಾನು ಬಕೆಟ್ ತಬ್ಬಿಕೊಂಡು ವಾಂತಿ ಮಾಡುತ್ತಿದ್ದೆ. ಹೊರಗೆ ಅಂಟಿಸಿದ್ದೇ ಹೆಚ್ಚು, ಒಳಗೆ ಹಾಕಲೇ ಇಲ್ಲ. ಅತ್ತೆ ಎತ್ತಿಕೊಂಡದ್ದೂ ಅವೇ ಆರನ್ನು. ಯಾವುದು ಯಾವ ಸ್ಟೇಷನ್ ಅಂತ ಇನ್ನು ಯಾರು ಹೇಳಬೇಕು?

ಇಟ್ಟ ಗೊಂಬೆ ದಶಮಿಗೆ ಮುಂಚೆ ಕದಲಿಸುವ ಹಾಗಿಲ್ಲ. ನಿಜ ಹೇಳುವ ಧೈರ್ಯವಂತೂ ಮೊದಲೇ ಇಲ್ಲ.

೭ ಅಕ್ಟೋಬರ್

ಪಕ್ಕದ ಮನೆ ಮುನಿಲಕ್ಷ್ಮಮ್ಮ ಬಂದು ಬಾಟಲಿಗೆ ಕೈ ಮುಗಿದರು. "ತಳದಲ್ಲಿ ಮರಳೂ ಐತೆ ನೋಡಮ್ಮ." ನಾನು ಇನ್ನೊಂದು ಹಿಡಿ ಕಡಲೆ ಉಸಲಿ ಬಾಯಿಗೆ ಹಾಕಿಕೊಂಡೆ.

೧೨ ಅಕ್ಟೋಬರ್, ಭಾನುವಾರ

ನಿನ್ನೆ ರಾತ್ರಿ ಪಟ್ಟದ ಗೊಂಬೆ ಮಲಗಿಸಿದರು. ಬೆಳಿಗ್ಗೆ ಬಾಟಲಿ ಕೈಗೆ ಬಂತು. ಸಾಲು ತಪ್ಪದ ಹಾಗೆ ಎಡದಿಂದ ಒಂದು, ಎರಡು ಅಂತ ಗುರುತು ಹಾಕಿದೆ. ಪೆಟ್ಟಿಗೆಯಲ್ಲಿ ಒಂಬತ್ತರಿಂದ ಹದಿನಾಲ್ಕು ಕ್ರಮವಾಗಿಯೇ ಇದ್ದವು. ಹಾಗಾದರೆ ಮೊದಲನೆಯದೇ ಒಂಬತ್ತು?

ಹಡಗಿನ ದಾಖಲೆ ಪುಸ್ತಕ ತೆಗೆದೆ. ಸ್ಟೇಷನ್ ಒಂಬತ್ತು: "ಮೀನಿನ ಮೊಟ್ಟೆ ಹೇರಳ." ಬಾಟಲಿಯಲ್ಲಿ ಒಂದೂ ಇಲ್ಲ. ಹತ್ತೂ ತಾಳೆಯಾಗಲಿಲ್ಲ. ಹನ್ನೊಂದೂ. ಅಳು ಬಂತು, ಅತ್ತುಬಿಟ್ಟೆ.

ಅತ್ತೆ ಬಂದು ನಿಂತರು. ಎಲ್ಲ ಹೇಳಿದೆ. ಜೀವಗಳ ವಿಷಯ, ಸುಳ್ಳು, ಜನವರಿ, ಎಲ್ಲ. ಬೈಗುಳಕ್ಕೆ ಕಾದೆ. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಷ್ಟೋ ಹೊತ್ತು ಬಗ್ಗಿದ್ದರು.

"ಗಾಜಿನ ಹಾಗಿದೆಯಲ್ಲೇ ಮೈ... ಮೀಸೆ ಬೇರೆ! ಇಷ್ಟು ಚಂದ ಇರೋದನ್ನ ನನಗೆ ಬರೀ ನೀರು ಅಂದ್ಯಲ್ಲ, ಚೂಡಾ."

ನಾಚಿಕೆಯಾಯಿತು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಕೇಳಿದರು: "ಎಲ್ಲಿಂದ ಎಣಿಸಿದೆ?"

"ಎಡದಿಂದ."

"ಅದು ಸ್ವಾಮಿ ತಲೆ ಕಡೆ ಅಲ್ವಾ! ಸೇವೆ ಯಾರಾದ್ರೂ ತಲೆಯಿಂದ ಶುರು ಮಾಡ್ತಾರಾ? ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಪಾದದಿಂದ ಇಟ್ಕೊಂಡು ಬಂದೆ. ಐವತ್ತು ವರ್ಷ ಗೊಂಬೆ ಇಟ್ಟವಳು ನಾನು."

ಬಲಗಡೆಯ ಕೊನೆಯ ಬಾಟಲಿ ತೆರೆದೆ. ಮೊಟ್ಟೆ! ರಾಶಿ ರಾಶಿ ಮೀನಿನ ಮೊಟ್ಟೆ. ಮುಂದಿನದು, ಅದರ ಮುಂದಿನದು... ಆರಕ್ಕೆ ಆರೂ ದಾಖಲೆಗೆ ಸರಿಯಾಗಿ ಕೂತವು. ಅತ್ತೆಯನ್ನು ಅಪ್ಪಿಕೊಂಡೆ. "ಫಾರ್ಮಲಿನ್ ಕೈ, ದೂರ ಹೋಗೇ" ಅಂತ ತಳ್ಳಿದರು. ಸ್ನಾನ ಅವರಿಗೂ, ನನಗೂ.

೧೯ ಅಕ್ಟೋಬರ್

ವರದಿ ಸಿದ್ಧ, ನಾಳೆ ಕೊಡುತ್ತೇನೆ. ಮುಚ್ಚಿಡಲಿಲ್ಲ. ಲೇಬಲ್ ಹೋದದ್ದು, ಕ್ರಮ ಮತ್ತೆ ಸಿಕ್ಕ ಬಗೆ, ರಂಗನಾಥನ ಪಾದದ ಸಮೇತ ಬರೆದಿದ್ದೇನೆ. ಜನವರಿಗೆ ಬೇಡ ಅಂದರೆ ಬೇಡ. ಸುಳ್ಳಿನ ಸುಖ ಒಮ್ಮೆ ಕಂಡದ್ದು ಸಾಕು.

೨೪ ನವೆಂಬರ್

ಮಲ್ಲಿಕಾರ್ಜುನಯ್ಯನವರ ಕಾಗದ. ನಾಲ್ಕೇ ಸಾಲು. "ಆರೂ ಒಪ್ಪಿದೆ. ಜನವರಿ ಐದು, ಮಂಗಳೂರು. ಚೀಟಿ ಒಳಗೆ ಹಾಕಿ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ."

ಅತ್ತೆ ಅದನ್ನು ಮುನಿಲಕ್ಷ್ಮಮ್ಮನಿಗೆ ಮೂರು ಸಲ ಓದಿ ಹೇಳಿದರು. ಕೊನೆಯ ಸಾಲು ಮಾತ್ರ.

೪ ಜನವರಿ ೧೯೯೮, ಭಾನುವಾರ. ಸಂಜೆ ಏಳು

ಬ್ಯಾಗು ಮುಚ್ಚುವಷ್ಟರಲ್ಲಿ ಅತ್ತೆ ಒಂದು ಬಾಟಲಿ ತುರುಕಿದರು. ಪುಳಿಯೋಗರೆ ಗೊಜ್ಜು. ಹೊರಗೆ ಅಂಟಿಸಿದ ಚೀಟಿ. ತಿರುಗಿಸಿದೆ — ಒಳಗೂ ಒಂದು! ಎಣ್ಣೆಯಲ್ಲಿ ನೆನೆದು ಗಾಜಿಗೆ ಅಂಟಿದೆ. ಪೆನ್ಸಿಲ್ಲಿನಲ್ಲಿ ಅತ್ತೆಯ ಅಕ್ಷರ, ಒಂದಿಷ್ಟೂ ಅಳಿಸಿಲ್ಲ:

"ಗೊಜ್ಜು. ಸ್ಟೇಷನ್: ಶಂಕರಪುರಂ. ೪-೧-೯೮. ಸಂಗ್ರಹಿಸಿದವರು: ಆಂಡಾಳ್."

ನಗುತ್ತಿದ್ದೇನೆ, ಕಣ್ಣು ಮಂಜು. ಆಟೋ ಬಂತು. ಇವರು ಕೂಗುತ್ತಿದ್ದಾರೆ. ಅತ್ತೆ ಬಾಗಿಲಲ್ಲಿ ನಿಂತು —