ಶಾಲೆಯ ಗೋಡೆಯ ಬಳಿ ಎರಡನೇ ಗೇರು

ಮಂಗಳವಾರ, ಮಾರ್ಚ್ ೧೧
ಬೆಳಿಗ್ಗೆ

ಇವಳೇ,

ಹೀಗೆ ಕರೆಯುವ ಹಕ್ಕು ಒಂಬತ್ತು ವರ್ಷದ ಹಿಂದೆಯೇ ಕೈತಪ್ಪಿತೆಂದು ಗೊತ್ತು. ಆದರೆ ಹೆಸರು ಹಿಡಿದು ಬರೆದರೆ ಇನ್ಯಾರಿಗೋ ಬರೆದಂತಾಗುತ್ತದೆ.

ನಿನ್ನ ನಾಲ್ಕು ಸಾಲಿನ ಕಾಗದ ಬಂದು ಐದು ತಿಂಗಳಾಯಿತು. ಅಪ್ಪ ನಿಮ್ಮಲ್ಲಿ ಬಿಟ್ಟುಹೋದ ಕಾರು ಇನ್ನೂ ಇದ್ದರೆ ನನಗೆ ಬೇಕು, ಎಡ ಮಂಡಿ ಕ್ಲಚ್ ಒತ್ತಲು ಬಿಡುವುದಿಲ್ಲ, ಓಡಿಸಲಾಗದಿದ್ದರೂ ಅಂಗಳದಲ್ಲಿ ನಿಂತಿರಲಿ ಎಂದು ನೀನು ಬರೆದಿದ್ದೆ. ನಾನು ಉತ್ತರಿಸಲಿಲ್ಲ. ಕ್ಲಚ್ಚೇ ಇಲ್ಲದ ಹಾಗೆ ಮಾಡಿಸಿ ಕಾರನ್ನೇ ಉತ್ತರವಾಗಿ ಕಳಿಸೋಣ ಎಂದುಕೊಂಡೆ.

ಕಾರು ಸಿದ್ಧವಾಗಿದೆ. ಆದರೆ ಅದು ಹೊರಡುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಓದಿದ ಮೇಲೆ ಕಾರು ಬೇಕೋ ಬೇಡವೋ, ನನ್ನ ಮುಖ ನೋಡಬೇಕೋ ಬೇಡವೋ, ನೀನೇ ಹೇಳು.

ವರ್ಕ್‌ಶಾಪಿನ ಮೇಸ್ತ್ರಿ ಈ ಊರಿಗೆ ಬಂದು ಎರಡು ವರ್ಷವಷ್ಟೆ. ಬಾನೆಟ್ ಎತ್ತಿ ಮಾವನವರ ಡೀಸೆಲ್ ಎಂಜಿನ್ ನೋಡಿದವನು, "ಸಾರ್, ಇದು ವಯಸ್ಸಲ್ಲಿ ನಮ್ಮಪ್ಪನಿಗಿಂತ ದೊಡ್ಡದು. ಇದಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಂದ್ರೆ ಎಪ್ಪತ್ತರ ಮುದುಕನಿಗೆ ಎರಡನೇ ಮದುವೆ ಮಾಡಿದ ಹಾಗೆ" ಎಂದ. ಡೀಸೆಲ್ ಕಾರಿನದು ಎಲ್ಲೂ ಸಿಗಲಿಲ್ಲ. ಅವನೇ ಅಲೆದು, ಗುಜರಿಯಿಂದ ಒಂದು ಪೆಟ್ರೋಲ್ ಕಾರಿನ ಗೇರ್‌ಬಾಕ್ಸ್ ತಂದ. ಇದರ ಬೋಲ್ಟಿನ ತೂತು ಅದಕ್ಕೆ ಕೂಡುವುದಿಲ್ಲ. ನಡುವೆ ಬೆರಳು ದಪ್ಪದ ಉಕ್ಕಿನ ತಟ್ಟೆ ಕೊರೆಸಿದೆವು, ಒಂದು ಸುತ್ತಿನ ತೂತು ಎಂಜಿನ್ನಿಗೆ, ಇನ್ನೊಂದು ಸುತ್ತು ಗೇರ್‌ಬಾಕ್ಸಿಗೆ. ಮೇಸ್ತ್ರಿ ಆ ತಟ್ಟೆಗೆ ದಲ್ಲಾಳಿ ಎಂದು ಹೆಸರಿಟ್ಟ. ದಲ್ಲಾಳಿ ಕೂದಲಷ್ಟು ವಾರೆ ಕೂತರೂ ಸಂಸಾರ ಹಾಳಂತೆ.

ತಟ್ಟೆಯಾದರೂ ಸುಲಭ. ಕಷ್ಟವಾದದ್ದು ಇಬ್ಬರ ನಡುವಿನ ಮಾತುಕತೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ಬಲವನ್ನು ಒಂದು ಸಣ್ಣ ಕೊಳವೆಯಲ್ಲಿ ಕೇಳಿಸಿಕೊಂಡು ಈ ಗೇರ್‌ಬಾಕ್ಸ್ ತನ್ನ ಕೆಲಸ ನಡೆಸುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಎಳೆತವೇ ಇಲ್ಲ. ಒಂದು ಪಂಪು ಕೂಡಿಸಿ, ಪೆಡಲಿಗೆ ಕವಾಟ ಕಟ್ಟಿ, ಸುಳ್ಳು ಉಸಿರು ಹುಟ್ಟಿಸಿದೆವು. ಡೀಸೆಲ್ ಅಷ್ಟು ಜೋರಾಗಿ ತಿರುಗುವುದಿಲ್ಲವಾದ್ದರಿಂದ, ಗೇರ್ ಬದಲಿಸುವ ಹೊತ್ತನ್ನು ಹೇಳುವ ಗವರ್ನರಿನ ಬಿಲ್ಲೆಗಳಿಗೆ ತೂಕ ಕೂಡಿಸಿದೆವು. ನಾಲ್ಕು ಸಲ ಬಿಚ್ಚಿ ಕಟ್ಟಿದ ಮೇಲೆ ಕಾರು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಿತು.

ಎಲ್ಲ ಕಡೆಯೂ ಓಡಿತು. ಶಾಲೆಯ ಗೋಡೆಯ ಬಳಿ ಮಾತ್ರ ಓಡಲಿಲ್ಲ.

ಆ ಗೋಡೆ ನಿನಗೆ ನೆನಪಿರಬೇಕು. ರಸ್ತೆ ಅಲ್ಲಿ ಹಲಗೆಯ ಹಾಗೆ ಸಮ. ಏರಿಲ್ಲ, ತಿರುವಿಲ್ಲ. ನನ್ನ ಕಾಲು ಪೆಡಲಿನ ಮೇಲೆ ಇದ್ದ ಹಾಗೇ ಇತ್ತು. ಗೋಡೆ ಶುರುವಾದ ಕಡೆ ಕಾರು ತಾನಾಗಿ ಎರಡನೇ ಗೇರಿಗೆ ಇಳಿಯಿತು, ಆಮೇಲೆ ಒಂದಕ್ಕೆ. ಎಂಜಿನ್ ನರಳಿತು. ಶಾಲೆಯ ಗೇಟಿನೆದುರು ಕಾರು ಪೂರ್ತಿ ನಿಂತಿತು. ಇಂಥ ಕಾರು ಬ್ರೇಕ್ ಬಿಟ್ಟರೆ ಸಾಕು, ತಾನಾಗಿ ಮುಂದಕ್ಕೆ ತೆವಳುತ್ತದೆ. ಅದರ ಗುಣವೇ ಅದು. ಅಲ್ಲಿ ತೆವಳಲಿಲ್ಲ. ನಾನು ಎಣಿಸಿದೆ. ಹನ್ನೊಂದಾಯಿತು. ಯಾರೋ ರಸ್ತೆ ದಾಟಿ ಮುಗಿಸಿದ ಹಾಗೆ ಕಾರು ಮೆಲ್ಲಗೆ ಹೊರಟಿತು.

ಮೇಸ್ತ್ರಿಗೆ ಹೇಳಿದರೆ ನಕ್ಕ. "ಸಾರ್, ಪೇಪರ್‌ಗೆ ಬರೆದೂ ಬರೆದೂ ನಿಮ್ಮ ಕಾಲೂ ಕಥೆ ಹೇಳೋಕೆ ಶುರು ಮಾಡಿದೆ" ಎಂದು ತಾನೇ ಸ್ಟೇರಿಂಗ್ ಹಿಡಿದ. ನೆತ್ತಿ ಸುಡುವ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗೇಟಿನೆದುರು ಕಾರು ನಿಂತಿತು. ಅವನು ಪೆಡಲ್ ಒತ್ತಿದ. ಎಂಜಿನ್ ಕಟ್ಟಿದ ಪ್ರಾಣಿಯಂತೆ ಎಳೆದಾಡಿತು, ಚಕ್ರ ಅಲುಗಲಿಲ್ಲ. ಹನ್ನೊಂದು ಎಣಿಸಿದ ಮೇಲೆ ಹೊರಟಿತು. ಕೊಳವೆ ಬದಲಿಸಿದ, ಎಣ್ಣೆ ಬದಲಿಸಿದ, ಬಿಲ್ಲೆಗಳನ್ನು ಮತ್ತೆ ತೂಗಿದ. ಆರು ದಿನ, ಆರು ಸಲ, ಅದೇ ಗೇಟು, ಅದೇ ಹನ್ನೊಂದು. ಕೊನೆಗೆ ಕೈ ಒರೆಸಿಕೊಳ್ಳುತ್ತ ಅಂದ: "ನಾನು ದೆವ್ವ ನಂಬಲ್ಲ ಸಾರ್. ಆದ್ರೆ ಗೇರ್‌ಬಾಕ್ಸ್ ನಂಬ್ತೀನಿ. ಇದಕ್ಕೆ ಯಾರೋ ಕಲಿಸಿದ್ದಾರೆ."

ಯಾರ ಕಾರಿನದು ಎಂದು ಆಗ ಕೇಳಿದೆ. ಹೆರಿಗೆ ಡಾಕ್ಟರಮ್ಮನದು ಎಂದ.

ಆ ಕ್ಷಣ ನನಗಾದದ್ದು ಹೆದರಿಕೆಯಲ್ಲ, ಹಿಗ್ಗು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಹನ್ನೆರಡು ವರ್ಷದ ಹಿಂದೆ ಅದೇ ಗೇಟಿನೆದುರು ಶಾಲೆಯ ಗಂಟೆ ಬಾರಿಸುವವಳನ್ನು ಒಂದು ಕಾರು ಹೊಡೆದು ನಿಲ್ಲದೆ ಹೋಯಿತು. ಪೊಲೀಸರು ಕೈಚೆಲ್ಲಿದರು. ಬಸ್ ನಿಲ್ದಾಣದ ಒಂದೇ ಸೂರನ್ನು ಎರಡು ಸಲ ಉದ್ಘಾಟಿಸಿದ ಊರು ಇದು, ಇನ್ನೇನು ಮಾಡೀತು? ಗೋಡೆಯ ಒಳಗಿದ್ದ ಕಾವಲುಗಾರ ಒಂದು ಮಾತು ಹೇಳಿದ್ದ: ಕಾರು ಒಂದೇ ಸದ್ದಿನಲ್ಲಿ ಹೋಯಿತು, ಗೇರ್ ಬದಲಿಸಿದ್ದು ಕೇಳಲಿಲ್ಲ. ಆ ಎಳೆ ಹಿಡಿದು ನಾನು ಪತ್ರಿಕೆಗೆ ಬರೆದೆ. ಗೇರ್ ಬದಲಿಸುವ ಸದ್ದೇ ಇಲ್ಲದ ಕಾರು ಈ ಊರಿನಲ್ಲಿ ಒಂದೇ ಇದೆ, ಅದು ಯಾರದೆಂದು ಎಲ್ಲರಿಗೂ ಗೊತ್ತು ಎಂದು. ಹೆಸರು ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಒಟ್ಟು ಹದಿನಾಲ್ಕು ಪತ್ರಗಳು. ಡಾಕ್ಟರಮ್ಮನ ಬಾಗಿಲಿಗೆ ಬಸುರಿಯರು ಹೋಗುವುದು ನಿಂತಿತು. ನಿನ್ನ ಎರಡು ಕೂಸುಗಳು ಹೊಟ್ಟೆಯಲ್ಲೇ ಹೋದಾಗ ನಿನ್ನ ಕೈ ಹಿಡಿದು ಕೂತವರು ಅವರು. ನೀನು ಅಂದದ್ದು ನನಗೆ ಕಂಠಪಾಠ: "ನಿಮಗೆ ನ್ಯಾಯ ಬೇಡ ರೀ, ಓದುಗರು ಬೇಕು." ಹಾಗೆಂದು ನೀನು ಮನೆ ಬಿಟ್ಟು ಹೋದೆ.

ಈಗ ಸಾಕ್ಷಿ ಸಿಕ್ಕಿತು, ಕೊಂದ ಯಂತ್ರವೇ ಕೊಂದ ಜಾಗದಲ್ಲಿ ನಡುಗುತ್ತಿದೆ ಎಂದುಕೊಂಡು ಡಾಕ್ಟರಮ್ಮನ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಬೆಂಚುಗಳು ಇನ್ನೂ ಸಾಲಾಗಿವೆ. ಅವುಗಳ ಮೇಲೆ ಹೂಕುಂಡಗಳನ್ನು ಇಟ್ಟಿದ್ದಾರೆ. ನನ್ನನ್ನು ನೋಡಿ, "ಬಂದ್ರಾ, ಸಂಪಾದಕರಿಗೆ ಪತ್ರ! ಕೂತ್ಕೊಳ್ಳಿ. ಬರೆಯೋಕೆ ಇನ್ನೇನು ಉಳಿದಿದೆ?" ಎಂದರು.

ಗೇಟಿನ ವಿಷಯ ನಾನು ಬಾಯಿಗೂ ತಂದಿರಲಿಲ್ಲ. ಅವರ ಕಾರಿನ ಗೇರ್‌ಬಾಕ್ಸ್ ನನ್ನ ಬಳಿ ಇದೆ ಎಂದೆ, ಅಷ್ಟೆ. ಅವರು ಕುಂಡದ ಒಣ ಎಲೆ ಕೀಳುತ್ತ, "ಒಳ್ಳೇ ಕಾರು. ದಿನಾ ಬೆಳಿಗ್ಗೆ ಶಾಲೆ ಹತ್ರ ನಿಲ್ಲಿಸ್ತಿದ್ದೆ. ಗಂಟೆಯವಳಿಗೆ ಒಂದು ಕಾಲು ಎಳೀತಿತ್ತಲ್ಲ, ದಾಟೋಕೆ ಹೊತ್ತಾಗ್ತಿತ್ತು. ಹನ್ನೊಂದು ಎಣಿಸ್ತಿದ್ದೆ. ಅಷ್ಟರಲ್ಲಿ ಆಚೆ ಸೇರಿ ಕೈ ಎತ್ತೋಳು" ಎಂದರು.

ನಾನು ಒಂದು ಕುಂಡ ಸರಿಸಿ ಬೆಂಚಿನ ತುದಿಯಲ್ಲಿ ಕೂತೆ.

"ಆವತ್ತು ನಾನು ಮನೇಲೇ ಒಂದು ಹೆರಿಗೆ ಮುಗಿಸಿ ತಡವಾಗಿ ಬಂದೆ" ಎಂದರು. "ಅರ್ಧ ಗಂಟೆ ಬಿದ್ದಿದ್ಲು. ನನ್ನ ಮನೆ ಎರಡೇ ಬೀದಿ ಆಚೆ ಇತ್ತು. ಹೊಡೆದೋರು ನಿಲ್ಲಿಸಿ ಎತ್ಕೊಂಡು ಬಂದಿದ್ರೆ ಉಳೀತಿದ್ಲು ಕಣ್ರೀ."

ಇವಳೇ, ಇಲ್ಲಿಂದ ಮುಂದಿನದನ್ನು ಕೂತು ಓದು. ಆ ಗೇರ್‌ಬಾಕ್ಸ್ ಅಲ್ಲಿ ನಡುಗುತ್ತಿಲ್ಲ. ತಡೆಯುತ್ತಿದೆ. ಅದು ತಡೆದು ಹಿಡಿದಿರುವುದು ನಿಮ್ಮಪ್ಪನ ಎಂಜಿನ್ನನ್ನು. ಗಂಟೆಯವಳನ್ನು ಹೊಡೆದದ್ದು ಈ ಡೀಸೆಲ್ ಕಾರು. ಗೇರ್ ಬದಲಿಸಿದ ಸದ್ದು ಬರಲಿಲ್ಲ, ಏಕೆಂದರೆ ಓಡಿಸುತ್ತಿದ್ದವರಿಗೆ ಅವಳು ಕಾಣಲೇ ಇಲ್ಲ. ಮಾವನವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆ ಬೆಳಿಗ್ಗೆ ಅವರೊಬ್ಬರೇ ಕಾರು ತೆಗೆದುಕೊಂಡು ಹೋಗಿದ್ದರು. ಸಂಜೆ ನಾನು ಬಲಗಡೆಯ ದೀಪ ಒಡೆದದ್ದನ್ನು ಕಂಡೆ, ಅದರ ಸುತ್ತಿನಲ್ಲಿ ಸಿಕ್ಕಿದ್ದ ಸೀರೆಯ ನೂಲನ್ನೂ ಕಂಡೆ. ನೀನು ತವರಿನಲ್ಲಿ ಅಮ್ಮನ ಆರೈಕೆಯಲ್ಲಿದ್ದೆ; ಮಾವನವರು ಮಾತ್ರ ಇಲ್ಲಿ ನಮ್ಮ ಮನೆಗೆ ಬಂದಿದ್ದರು. ದೀಪ ಬದಲಿಸಿದೆ, ನೂಲು ಸುಟ್ಟೆ. ವಾರ ಕಳೆದು ಮೊದಲ ಪತ್ರ ಬರೆದೆ. ಕೇಳಿದ್ದು ಡೀಸೆಲ್ ಸದ್ದೋ ಪೆಟ್ರೋಲ್ ಸದ್ದೋ ಎಂದು ಕಾವಲುಗಾರನನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದ ನಾನೂ ಕೇಳಲಿಲ್ಲ. ಹದಿನಾಲ್ಕು ಪತ್ರ ಬರೆಯುವಷ್ಟರಲ್ಲಿ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ.

ನಿನ್ನೆ ಮತ್ತೆ ಹೋಗಿ ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬಾಗಿಲು ತೋರಿಸಿದರು, ಅದೂ ಮರ್ಯಾದೆಯಿಂದ. ಪೊಲೀಸರಿಗೂ ಪತ್ರಿಕೆಗೂ ಬರೆದಿದ್ದೇನೆ. ಹದಿನೈದನೆಯ ಪತ್ರ. ಭಾನುವಾರ ಅಚ್ಚಾಗಬಹುದು. ಅಪ್ಪನ ಹೆಸರನ್ನು ನೀನು ಪತ್ರಿಕೆಯಲ್ಲಿ ಮೊದಲು ಓದಬಾರದು ಎಂದು ಇಷ್ಟು ಅವಸರದಲ್ಲಿ ಬರೆದೆ.

ಕಾರು ಅಂಗಳದಲ್ಲಿದೆ. ಕೀಲಿ ಅದರಲ್ಲೇ ಇದೆ.

ಇಂತಿ,
ನೀನು 'ರೀ' ಎಂದು ಕರೆಯುತ್ತಿದ್ದವನು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳಿದೆ, ಪೊಲೀಸರಿಗೆ, ಪತ್ರಿಕೆಗೆ ಬರೆದುದರಲ್ಲೂ ಇದೆ. ಅದನ್ನು ಹೋಗಿ ತಿದ್ದಿಸುತ್ತೇನೆ. ಮಾವನವರು ಒಬ್ಬರೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ನಾನಿದ್ದೆ. ರಸ್ತೆಯ ಗುಂಡಿಗಳ ಬಗ್ಗೆ ನಗರಸಭೆಗೆ ಬರೆದ ದೂರನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದೆ. ಏನೋ ತಗುಲಿತು. "ಏನದು ಅಳಿಯಂದ್ರೇ, ಸ್ವಲ್ಪ ನೋಡಿ" ಎಂದರು. ನಾನು ತಲೆ ಎತ್ತಲಿಲ್ಲ. "ಗುಂಡಿ ಮಾವ, ನೀವು ಮುಂದೆ ಹೋಗಿ" ಎಂದೆ. ಅವರು ಆಗಲೇ ಬ್ರೇಕಿನ ಮೇಲೆ ಕಾಲಿಟ್ಟಿದ್ದರು. ನನ್ನ ಮಾತು ಕೇಳಿ ತೆಗೆದರು.