ಕಾಸಿದ ಹಲಗಿ

ಬೇಡಕಿಹಾಳ,
ತಾ. ೬ ಮಾರ್ಚ್ ೧೯೮೮, ರವಿವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಗ ಭರಮುವಿನ ಸವಿನಯ ಜಯಭೀಮ. ನಿಮ್ಮ ಮೊಣಕಾಲು ನೋವು ಹೇಗಿದೆ? ಬಂದರಿನಲ್ಲಿ ರಾತ್ರಿ ಪಾಳಿ ಬಿಡಿಸಿಕೊಡುತ್ತೇನೆ ಎಂದಿದ್ದ ನಿಮ್ಮ ಸಾಹೇಬ ಮಾತು ಉಳಿಸಿಕೊಂಡನೋ, ಎಂದಿನಂತೆ ನಕ್ಕು ಸುಮ್ಮನಾದನೋ? ಅವ್ವ ಚೆನ್ನಾಗಿದ್ದಾಳೆ ಎಂದೇ ಬರೆಯಬೇಕು. ನಿಪ್ಪಾಣಿಯ ತಂಬಾಕಿನ ವಖಾರಿಯ ಕೂಲಿಗೆ ಹೋಗುವುದನ್ನು ಬಿಡು ಎಂದರೆ ಬಿಡುವುದಿಲ್ಲ, ಕೆಮ್ಮು ಅವಳನ್ನು ಬಿಡುವುದಿಲ್ಲ. ಅಂಚೆ ಕಚೇರಿಯಲ್ಲಿ ನನ್ನ ಕೆಲಸ ಸುರಳೀತ ನಡೆದಿದೆ. ದಿನವೂ ಊರವರ ಕಾಗದಗಳನ್ನು ವಿಂಗಡಿಸುವ ನನಗೆ ನಿಮಗೊಂದು ಕಾಗದ ಬರೆಯಲು ಇಷ್ಟು ದಿನ ಧೈರ್ಯ ಬರಲಿಲ್ಲ.

ನಿಮ್ಮ ಮುಂಬೈ ಚಾಳಿನಲ್ಲಿ ಮರಾಠಿ ಪೇಪರು ತರಿಸುತ್ತಾರೆ. ಯಾರಾದರೂ ಇಷ್ಟೊತ್ತಿಗೆ ಅದನ್ನು ತಂದು ನಿಮ್ಮ ಮುಂದೆ ಹಿಡಿದಿರಬಹುದು. ಗುರುವಾರದ ಪೇಪರಿನ ಹಿಂದಿನ ಪುಟದಲ್ಲಿ ನನ್ನ ಫೋಟೋ ಬಂದಿದೆ. ನನ್ನ ಎರಡೂ ಕೈಯಲ್ಲಿ ಹಲಗಿ ಇದೆ. ಅಮೆರಿಕದ ಕಲಾವಿದನ ಎದುರು ಹಲಗಿ ಬಾರಿಸಿ ಮೆಚ್ಚುಗೆ ಪಡೆದ ಬೇಡಕಿಹಾಳದ ಯುವಕ ಎಂದು ಕೆಳಗೆ ಬರೆದಿದ್ದಾರೆ. ಅಪ್ಪಾ, ನಾನು ಬಾರಿಸಿಲ್ಲ. ಉಳಿದದ್ದನ್ನು ನಂಬಿ, ಬಿಡಿ, ಇದೊಂದನ್ನು ನಂಬಿದರೆ ಸಾಕು.

ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ನೀವು ಮಾಡಿದ್ದನ್ನು ನಿಮಗೇ ನಾನು ಹೇಳುವುದೇನಿದೆ. ಆದರೂ ಅವ್ವನ ಬಾಯಿಂದ ಅದನ್ನು ಕೇಳುತ್ತಲೇ ನಾನು ದೊಡ್ಡವನಾದೆ. ಈಗಿನ ಗೌಡರಾದ ರಾವಸಾಹೇಬರ ತಂದೆ ಊರಾಳುತ್ತಿದ್ದ ಕಾಲ ಅದು. ಅವರ ಮನೆಯ ಲಗ್ನಕ್ಕೆ ಹಲಗಿ ಬಾರಿಸಲು ಬಾ ಎಂದು ವೀಳ್ಯದೆಲೆ, ಅಡಿಕೆ ತಂದು ನಮ್ಮ ಹೊಸ್ತಿಲ ಮೇಲಿಟ್ಟು ಹೋದರು. ಹಾಗೆ ಇಟ್ಟರೆ ಮುಗಿಯಿತು, ಒಲ್ಲೆ ಎನ್ನುವ ಮಾತೇ ಇರಲಿಲ್ಲ. ನೀವು ಆ ವೀಳ್ಯವನ್ನು ಎತ್ತಿಕೊಂಡು, ಹಾಡಹಗಲಲ್ಲಿ, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ನಡೆದು ಹೋಗಿ ಅವರ ಕಟ್ಟೆಯ ಮೇಲೆ ತಿರುಗಿ ಇಟ್ಟು ಬಂದಿರಿ. ಮನೆಗೆ ಬಂದು ಅಜ್ಜನ ಹಲಗಿಯನ್ನು ಒಲೆಗೆ ಹಾಕಿದಿರಿ. ಮರುದಿನದಿಂದ ನಮಗೆ ಕಬ್ಬಿನ ಹೊಲದಲ್ಲಿ ಕೂಲಿ ಇಲ್ಲ, ಗಿರಣಿಯವನು ಹಿಟ್ಟು ಬೀಸಿಕೊಡಲಿಲ್ಲ. ನೀವು ಮುಂಬೈ ಗಾಡಿ ಹತ್ತಿದಿರಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಅಪ್ಪ ಎಂದರೆ ದೀಪಾವಳಿಗೆ ಬಂದು ಹೋಗುವವರು.

ಗಿಟಾರಿನ ಕಥೆ ನಿಮಗೆ ಗೊತ್ತೇ ಇದೆ. ಬಂದರಿನಲ್ಲಿ ಹಡಗಿನ ಖಲಾಸಿಯೊಬ್ಬ ನಿಮಗೆ ಮಾರಿ ಹೋದ ಗಿಟಾರು, ಅದರ ಜೊತೆಗೊಂದು ಕ್ಯಾಸೆಟ್ಟು. ಟಾಲಿವರ್ ಎಂಬ ಕರಿಯ ಮುದುಕನ ಹಾಡುಗಳು. ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಹತ್ತಿಯ ಹೊಲಗಳಲ್ಲಿ ಹಾಡುತ್ತ ಬೆಳೆಸಿದ ಸಂಗೀತ, ಬ್ಲೂಸ್ ಎನ್ನುತ್ತಾರೆ ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ನೀವು ಏನೂ ಓದದೆ, ಬೀಡಿ ಹಚ್ಚಿಕೊಂಡು ಅರ್ಧ ಹಾಡು ಕೇಳಿ, "ಇಂವಾ ನಮ್ಮಂಥಾವನ ಇರಬೇಕ ನೋಡಲೇ" ಎಂದಿದ್ದಿರಿ. ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿತು. ಟಾಲಿವರ್ ಅವರು ಬೆರಳಿಗೆ ಗಾಜಿನ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿದರೆ ಮನುಷ್ಯರು ಅತ್ತ ಹಾಗೆ ಕೇಳುತ್ತದೆ. ನಾನು ಅವ್ವನ ಟಾನಿಕ್ ಬಾಟಲಿಯ ಕೊರಳನ್ನು ಕೊಯ್ದು, ಕಲ್ಲಿಗೆ ತಿಕ್ಕಿ ನಯ ಮಾಡಿ, ಬೆರಳಿಗೆ ಹಾಕಿಕೊಂಡು ವರ್ಷಗಟ್ಟಲೆ ಉಜ್ಜಿದೆ. ಅಳು ಬರಲಿಲ್ಲ, ಬರೀ ಕಿರುಗುಟ್ಟಿತು. ಎಲ್ಲಿ ತಪ್ಪುತ್ತಿದೆ ಎಂದು ಹೇಳುವವರು ಈ ಸೀಮೆಯಲ್ಲೇ ಇರಲಿಲ್ಲ.

ಅಂಥದ್ದರಲ್ಲಿ ಅದೇ ಟಾಲಿವರ್ ಸಾಹೇಬರು ಮಿರಜಕ್ಕೆ ವಾದ್ಯ ಮಾಡಿಸಿಕೊಳ್ಳಲು ಬಂದಿದ್ದಾರೆ, ಕಾಗವಾಡದ ವಿರುಪಾಕ್ಷಪ್ಪನವರ ದ್ರಾಕ್ಷಿ ತೋಟದ ಬಂಗಲೆಯಲ್ಲಿ ಒಂದು ದಿನ ಗಿಟಾರು ಪಾಠ ಹೇಳುತ್ತಾರೆ ಎಂದು ತಿಳಿಯಿತು. ಈ ವಿರುಪಾಕ್ಷಪ್ಪನವರು ಪುಣೆಯಲ್ಲಿ ಓದಿದವರು, ತಾವೂ ಗಿಟಾರು ನುಡಿಸುವವರು. ನಾನು ಬರೆದೆ, ಬಾ ಎಂದು ಉತ್ತರ ಬಂತು. ನಿಮಗೆ ಟೆಲಿಗ್ರಾಂ ಕೊಟ್ಟಷ್ಟೇ ಅವಸರದಲ್ಲಿ ಕಾರ್ಡು ಬರೆದಿದ್ದೆನಲ್ಲ, ಅವತ್ತಿನ ನನ್ನ ಸಂತೋಷಕ್ಕೆ ಈಗ ನನಗೇ ನಾಚಿಕೆಯಾಗುತ್ತದೆ. ಗೋಣಿಚೀಲದಲ್ಲಿ ಸುತ್ತಿದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಕಂಡಕ್ಟರು ಇದೇನು ಪಂಪಿನ ಸಾಮಾನೋ ಎಂದು ಕೇಳಿದ. ನಾನು ನಗುತ್ತ ಹೌದೆಂದೆ.

ಬಂಗಲೆಯ ಬಾಗಿಲಲ್ಲೇ ವಿರುಪಾಕ್ಷಪ್ಪನವರು ಊರು ಕೇಳಿದರು. ಹೇಳಿದೆ. ಬೇಡಕಿಹಾಳದ ರಾವಸಾಹೇಬರು ಅವರಿಗೆ ಬೀಗರಂತೆ. ಆಮೇಲೆ ಯಾರ ಪೈಕಿ ಎಂದು ಕೇಳಿದರು. ಧೂಳಪ್ಪನ ಮಗ ಎಂದೆ. ಬೀಗರ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದಿರಬೇಕು, ಆದರೂ ಅವರ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ, ಬದಲಿಗೆ ಖುಷಿ ಕಂಡಿತು. ಅದೇ ಖುಷಿಯಲ್ಲಿ ಒಳಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು, ತಟ್ಟೆ ತುಂಬ ದ್ರಾಕ್ಷಿ ಇಟ್ಟರು. ನಾನೊಬ್ಬ ಮೂಢ, ಕಾಲ ಬದಲಾಗಿದೆ ಎಂದುಕೊಂಡೆ.

ಕಲಿಯಲು ಕೊಲ್ಹಾಪುರದ ಹುಡುಗನೊಬ್ಬ, ಇನ್ನೂ ನಾಲ್ಕಾರು ಮಂದಿ ಬಂದಿದ್ದರು. ಬೆಳಿಗ್ಗೆಯೆಲ್ಲ ಟಾಲಿವರ್ ಸಾಹೇಬರು ಮಾತಾಡಿದರು, ನುಡಿಸಿದರು. ನನಗೆ ಲಕೋಟೆಯ ಮೇಲಿನ ಇಂಗ್ಲಿಷು ಓದಲು ಬರುತ್ತದೆ, ಅಷ್ಟು ವೇಗದ ಮಾತು ಕಿವಿಗೆ ಹತ್ತುವುದಿಲ್ಲ. ವಿರುಪಾಕ್ಷಪ್ಪನವರು ಕನ್ನಡದಲ್ಲಿ, ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಸಾಹೇಬರ ಅಜ್ಜನಿಗೆ ಒಮ್ಮೆ ಹೊಲದ ಒಡೆಯ ತನ್ನ ನೆಂಟರೆದುರು ಹಾಡು ಎಂದನಂತೆ. ಅಜ್ಜ ಗಿಟಾರಿನ ತಂತಿಗಳನ್ನೆಲ್ಲ ತಾನೇ ಕಿತ್ತು, ಹರಿದುಹೋಗಿವೆ ಎಂದು ಹೇಳಿ ಏಟು ತಿಂದನಂತೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ನೀವು ಹೇಳಿದ್ದು ನಿಜ, ಇವರು ನಮ್ಮವರೇ, ನನ್ನ ಸರದಿ ಬಂದಾಗ ನಿಮ್ಮ ವಿಷಯ ಹೇಳಬೇಕು ಎಂದುಕೊಂಡೆ.

ಸರದಿ ಬಂತು. ಬಾಟಲಿಯ ಕೊರಳನ್ನು ಬೆರಳಿಗೆ ಹಾಕಿಕೊಂಡೆ. ಅಷ್ಟರಲ್ಲಿ ವಿರುಪಾಕ್ಷಪ್ಪನವರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಸಾಹೇಬರ ಮುಖ ಅರಳಿತು. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಗಿಟಾರನ್ನು ಮೆಲ್ಲಗೆ ನನ್ನ ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟರು. ಇಲ್ಲಿರುವ ಉಳಿದವರೆಲ್ಲ ನನ್ನ ಕ್ಯಾಸೆಟ್ಟು ಕೇಳಿ ಕಲಿತವರು, ನಿನ್ನಲ್ಲಿ ನಿನ್ನ ಹಿರಿಯರದ್ದೇ ಒಂದು ವಿದ್ಯೆ ಇದೆ, ಅದನ್ನು ಕೇಳಿಸು ಎಂದರಂತೆ. ಹಿಂದಿನಿಂದ ಆಳು ಹಲಗಿ ತಂದು ನನ್ನ ಎದೆಗೆ ಒತ್ತಿದ. ಬೀಳಬಾರದೆಂದು ಹಿಡಿದೆ, ಅಷ್ಟೇ. ಪೇಪರಿನವನು ಕಾದೇ ಕೂತಿದ್ದ, ಆಗಲೇ ಫೋಟೋ ಹೊಡೆದ.

ಅಪ್ಪಾ, ಹಲಗಿ ಬೆಚ್ಚಗಿತ್ತು. ಚರ್ಮ ಬಿಗಿಯಾಗಲಿ ಎಂದು ಬೆಂಕಿಗೆ ಹಿಡಿದು ಕಾಸಿ ತಂದಿದ್ದರು. ಕಾಸಲು ಎಷ್ಟು ಹೊತ್ತು ಬೇಕು ಎಂದು ನಿಮಗೆ ಗೊತ್ತು. ನಾನು ದ್ರಾಕ್ಷಿ ತಿನ್ನುತ್ತ, ಅಜ್ಜನ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಹಿತ್ತಲಲ್ಲಿ ನನಗಾಗಿ ಬೆಂಕಿ ಹಾಕಿದ್ದರು. ನಾನು ಗಿಟಾರು ಕಲಿಯಲು ಬಂದವನು ಎಂದು ಆ ಮನೆಯಲ್ಲಿ ಒಬ್ಬರೂ ಅಂದುಕೊಂಡಿರಲಿಲ್ಲ.

ಹಲಗಿಯನ್ನು ಆಳಿನ ಕೈಗೆ ವಾಪಸು ಕೊಟ್ಟು, ಎದ್ದು ನಿಂತು, "ನಮ್ಮಪ್ಪ ಇದನ್ನ ಬಿಟ್ಟಾನ್ರಿ. ಬಿಟ್ಟಿದ್ದಕ್ಕ ಊರೂ ಬಿಟ್ಟಾನ. ನಾ ಮುಟ್ಟೂದಿಲ್ಲ, ಇದನ್ನ ಅವರಿಗಿ ಹೇಳ್ರಿ" ಎಂದೆ. ವಿರುಪಾಕ್ಷಪ್ಪನವರು ಸಾಹೇಬರ ಕಡೆ ತಿರುಗಿ ನಗುತ್ತ ಒಂದೇ ಮಾತು ಹೇಳಿದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಹುಡುಗ ನಾಚಿಕೊಳ್ಳುತ್ತಾನೆ ಎಂದರು. ಸಾಹೇಬರೂ ನಕ್ಕರು, ನನ್ನ ಬೆನ್ನು ತಟ್ಟಿ ಕೊಲ್ಹಾಪುರದ ಹುಡುಗನ ಹತ್ತಿರ ಹೋಗಿ ಕೂತು ಅವನ ಬೆರಳು ತಿದ್ದತೊಡಗಿದರು. ಆ ಮುದುಕನ ಮೇಲೆ ನನಗೆ ಸಿಟ್ಟಿದೆ. ಹೇಳಿದವರು ಸುಳ್ಳು ಹೇಳಿದರು, ಸರಿ. ಆದರೆ ತಂತಿ ಕಿತ್ತ ಅಜ್ಜನ ಮೊಮ್ಮಗನಿಗೆ ನನ್ನ ಮುಖ ನೋಡಿದರೆ ತಿಳಿಯಬಾರದೇ? ನನ್ನ ಗಿಟಾರನ್ನು ಅವರು ಒಂದು ಸಲವೂ ಕೇಳಲಿಲ್ಲ. ಗಾಜನ್ನು ಎಷ್ಟು ಒತ್ತಬೇಕು ಎಂಬ ಒಂದು ಪ್ರಶ್ನೆಯನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದೆ. ಅದನ್ನು ಇಟ್ಟುಕೊಂಡೇ ತಿರುಗಿ ಬಸ್ಸು ಹತ್ತಿದೆ.

ಅವ್ವನಿಗೆ ಓದಲು ಬರುವುದಿಲ್ಲ, ಫೋಟೋ ಮಾತ್ರ ಕಾಣುತ್ತದೆ. ಬಾರಿಸಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. "ಮತ್ತ ಕೈಯಾಗ ಯಾಕೈತಿ?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು, ನಂಬಿದಳೋ ಇಲ್ಲವೋ ತಿಳಿಯದು. ಗಿಟಾರು ಗೋಣಿಚೀಲದಲ್ಲೇ ಇದೆ, ಬಿಚ್ಚಿಲ್ಲ.

ಆರೋಗ್ಯದ ಕಡೆ ಲಕ್ಷ್ಯ ಇರಲಿ. ಮೊಣಕಾಲಿಗೆ ಎಣ್ಣೆ ಕಾಸಿ ಹಚ್ಚಿಕೊಳ್ಳುತ್ತಿರಿ. ಅಕ್ಕುತಾಯಿ ಅತ್ತೆ ನಿಮ್ಮನ್ನು ಬಹಳ ನೆನೆಸುತ್ತಾಳೆ. ಚಾಳಿನ ಎಲ್ಲರಿಗೂ ನನ್ನ ಜಯಭೀಮ, ಪೇಪರು ತೋರಿಸಿದವನಿಗೂ.

ನಿಮ್ಮ ಮಗ,
ಭರಮು

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ರಾವಸಾಹೇಬರ ಮನೆಯ ಮುರಗೆಪ್ಪ ಬಂದಿದ್ದ. ಅವರ ಮಗಳ ಲಗ್ನವಂತೆ. "ಪರದೇಶದವನ ಮುಂದ ಬಾರಿಸಿದಾಂವಗ ನಮ್ಮ ಮುಂದ ಏನ ತ್ರಾಸ?" ಎಂದು ಹೇಳಿ ಎಲೆ, ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ನಾನೇ ತಿರುಗಿ ಒಯ್ದು ಅವರ ಕಟ್ಟೆಯ ಮೇಲಿಡುತ್ತೇನೆ ಎಂದು ಬಗ್ಗಿದರೆ ಅವ್ವ ಕೈ ಹಿಡಿದಳು. "ಮುಟ್ಟಬ್ಯಾಡ. ಅದನ್ನ ಒಯ್ಯಾಕ ನಿಮ್ಮಪ್ಪ ಬರ್ಲಿ" ಎಂದಳು. ನಾವಿಬ್ಬರೂ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೇವೆ. ಅಪ್ಪಾ, ನಾನು ಬಾರಿಸಿಲ್ಲ ಎಂದು ನೀವು ನಂಬಿದ್ದರೆ ಬರಬೇಡಿ. ಭರಮು ಒಯ್ಯಲಿ ಎಂದು ಅವ್ವನಿಗೆ ಒಂದು ಕಾರ್ಡು ಬರೆಯಿರಿ, ಓದಿ ಹೇಳುತ್ತೇನೆ. ನಂಬಿಕೆ ಇಲ್ಲದಿದ್ದರೆ ನೀವೇ ಬನ್ನಿ. ಎಲೆ ಬಾಡತೊಡಗಿದೆ.