ಧ್ವನಿಪೆಟ್ಟಿಗೆ

ಶಂಕರಪುರಂ, ಬೆಂಗಳೂರು
೯ ಫೆಬ್ರವರಿ ೨೦೨೫

ಗೆಳೆಯ ಮುನಿಕೃಷ್ಣನಿಗೆ ಸಿದ್ದಬಸಪ್ಪನ ಶರಣು.

ಸಂಕ್ರಾಂತಿಗೆ ನೀನು ಚಿಂತಾಮಣಿಯಿಂದ ಬಸ್ಸಿಗೆ ಹಾಕಿದ ಅವರೆಕಾಯಿ ಮೂಟೆ ಬಂದು ಸೇರಿ ತಿಂಗಳಾಗುತ್ತಾ ಬಂತು. ಮಗಳು ಶಿವಾನಿ ಮೆಜೆಸ್ಟಿಕ್ಕಿಗೆ ಹೋಗಿ ಇಳಿಸಿಕೊಂಡು ಬಂದಳು. ಅಕ್ಕಪಕ್ಕದವರಿಗೆ ಹಂಚಿ, ಹಿತಕಿ, ಸಾರಿಗೂ ಉಪ್ಪಿಟ್ಟಿಗೂ ಹಾಕಿ ಮುಗಿಸಿದ್ದೂ ಆಯಿತು. ಬಂತು ಅಂತ ಎರಡು ಸಾಲು ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಎಷ್ಟು ಬೇಕೋ ಅಷ್ಟು ಬೈದುಕೋ. ನೀನು ಫೋನ್ ಮಾಡಿದಾಗ ನಾನು ಎಂದಿನಂತೆ ಮೊಬೈಲಿನ ಬೆನ್ನಿಗೆ ಬೆರಳಿನಿಂದ ತಟ್ಟಿದೆ. ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಆದರೆ ನೀನು, "ಏನ್ ಮಾಡ್ತಿದೀಯೋ ಸಿದ್ದು ಇಡೀ ದಿನ?" ಎಂದು ಕೇಳಿದರೆ ಅದನ್ನು ತಟ್ಟಿ ಹೇಳುವುದು ಹೇಗೆ? ಅದಕ್ಕೇ ಈ ಕಾಗದ. ಮೆಸೇಜ್ ಹಾಕಿ ಎನ್ನುತ್ತಾಳೆ ಶಿವಾನಿ. ಸೋಲ್ಡರಿಂಗ್ ಐರನ್ ಹಿಡಿದು ದಡ್ಡುಗಟ್ಟಿದ ಈ ಬೆರಳಿನಿಂದ ಒಂದಕ್ಷರ ಒತ್ತಿದರೆ ಮೂರು ಬೀಳುತ್ತವೆ.

ಆರೋಗ್ಯ ಚೆನ್ನಾಗಿದೆ. ಗಂಟಲಿನ ಧ್ವನಿಪೆಟ್ಟಿಗೆ ತೆಗೆದು ಎರಡು ವರ್ಷ ತುಂಬಿತು. ಮೊನ್ನೆ ತೋರಿಸಿಕೊಂಡು ಬಂದೆ. ಗಡ್ಡೆಯ ಸುಳಿವೂ ಇಲ್ಲ, ಧೈರ್ಯವಾಗಿರಿ ಎಂದರು ಡಾಕ್ಟರು. ಉಸಿರಾಟವೆಲ್ಲ ಕತ್ತಿನ ತೂತಿನಿಂದಲೇ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಬ್ಯಾಟರಿ ಯಂತ್ರವೊಂದನ್ನು ಕೊಟ್ಟಿದ್ದರಲ್ಲ, ಅದನ್ನು ಕೆಲವು ದಿನ ಬಳಸಿ ಬೀರುವಿನಲ್ಲಿಟ್ಟುಬಿಟ್ಟೆ. ಇಡೀ ಚಾಮರಾಜಪೇಟೆಗೆ ಕೇಳುವಂತೆ ಮೈಕಿನಲ್ಲಿ ಕೂಗಿದವನು ನಾನು. ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯಂಥ ಆ ಸದ್ದನ್ನು ನನ್ನದು ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಸ್ಲೇಟು ಬಳಪವೇ ವಾಸಿ ಅನ್ನಿಸಿತು.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಸೌಂಡ್ ಸರ್ವಿಸ್‌ನ ಗೋಡೌನನ್ನು ಖಾಲಿ ಮಾಡಿದೆವು. ಮದುವೆಗೆ, ಗಣೇಶನಿಗೆ, ರಾಜ್ಯೋತ್ಸವಕ್ಕೆ ನಾವಿಬ್ಬರೂ ಸೈಕಲ್ಲಿನ ಮೇಲೆ ಹೊತ್ತು ತಿರುಗಿದ ಲೌಡ್‌ಸ್ಪೀಕರ್ ಹಾರ್ನುಗಳೆಲ್ಲ ಗುಜರಿಗೆ ಹೋದವು. ಅವುಗಳ ಅಡಿಯಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಅಪ್ಪನ ಟೇಪ್ ರೆಕಾರ್ಡರ್ ಸಿಕ್ಕಿತು. ನಿನಗೆ ನೆನಪಿರಬೇಕು: ಗಾಜಿನ ಬುರುಡೆಗಳ ವಾಲ್ವ್ ಸೆಟ್ಟು, ಸೂಟ್‌ಕೇಸಿನ ಹಾಗೆ ಮುಚ್ಚಳ, ಮೇಲೆ ತಟ್ಟೆಯಂಥ ಎರಡು ಚಕ್ರ. ಅಪ್ಪ ಗಂಗಾಧರಯ್ಯ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಮುಚ್ಚಳ ತೆಗೆದರೆ ಒಳಗೆ ಜಿರಲೆ ಮೊಟ್ಟೆ, ತುಕ್ಕು, ಇಲಿ ಕಡಿದ ವೈರು. ಒಂದು ಚಕ್ರದಲ್ಲಿ ಮಾತ್ರ ಟೇಪು ಸುತ್ತಿಕೊಂಡು ಹಾಗೇ ಇತ್ತು.

"ಇದನ್ನೂ ಗಾಡಿಗೆ ಹಾಕಿಬಿಡ್ಲಾ ಅಪ್ಪಾ?" ಎಂದಳು ಶಿವಾನಿ.

ನಾನು ಸ್ಲೇಟು ಎತ್ತಿಕೊಳ್ಳುವ ಮೊದಲೇ ಮಹಾನಂದ ಅಡ್ಡ ಬಂದಳು. "ಬೇಡಮ್ಮ. ಅದು ಮಾವನೋರ್ದು. ಮನೆಗೆ ತಗೊಂಡ್ಹೋಗೋಣ. ಇವ್ರ ಕೈಗೂ ಒಂದು ಕೆಲ್ಸ ಇರ್ಲಿ."

ಕೈಗೆ ಕೆಲಸ ಬೇಕಿತ್ತು, ನಿಜ. ಮಾತು ಹೋದ ಮೇಲೆ ಜನ ನಿಧಾನವಾಗಿ ಬರುವುದು ಬಿಟ್ಟರು. ತಪ್ಪು ಅವರದಲ್ಲ. ನಾನು ಬರೆದು ಮುಗಿಸುವವರೆಗೆ ಎದುರಿಗೆ ಕೂತವರು ಏನು ಮಾಡಬೇಕು? ಗೋಡೆ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ. ಹಾಗಾಗಿ ಪಡಸಾಲೆಯ ಕಿಟಕಿ ಹತ್ತಿರ ಮೇಜು ಹಾಕಿಕೊಂಡು ಅದನ್ನು ಬಿಚ್ಚಲು ಕೂತೆ. ಮೊದಲ ದಿನವೇ ಪೇಚಾಟ. ಧೂಳು ಊದೋಣವೆಂದು ಬಾಯಿ ಹತ್ತಿರ ತಂದರೆ ಬಾಯಲ್ಲಿ ಗಾಳಿಯೇ ಇಲ್ಲ! ನನ್ನ ಅವಸ್ಥೆಗೆ ನನಗೇ ನಗು ಬಂತು. ಸದ್ದಿಲ್ಲದೆ ನಕ್ಕೆ. ಕೊನೆಗೆ ಸೈಕಲ್ ಪಂಪಿನಿಂದ ಊದಿದೆ. ಸೋಲ್ಡರಿಂಗ್ ಹೊಗೆ ನೇರವಾಗಿ ಕತ್ತಿನೊಳಗೆ ಹೋಗುತ್ತದೆಂದು ಶಿವಾನಿ ಕತ್ತಿಗೆ ತೆಳು ಬಟ್ಟೆ ಕಟ್ಟಿ, ಪಕ್ಕಕ್ಕೊಂದು ಟೇಬಲ್ ಫ್ಯಾನ್ ಇಟ್ಟಳು.

ಹಳೆಯ ಕಂಡೆನ್ಸರುಗಳೆಲ್ಲ ಒಣಗಿಹೋಗಿದ್ದವು. ಎಸ್.ಪಿ. ರೋಡಿನಿಂದ ಹೊಸದು ತಂದು ಒಂದೊಂದಾಗಿ ಬದಲಾಯಿಸಿದೆ. ನಾವು ಆಂಪ್ಲಿಫೈಯರಿಗೆ ಮಾಡುತ್ತಿದ್ದ ಹಾಗೆಯೇ ಸೀರೀಸಿನಲ್ಲಿ ಬಲ್ಬ್ ಹಾಕಿ ಕರೆಂಟು ಕೊಟ್ಟೆ. ಬಲ್ಬು ಮಂದವಾಗಿ ಉರಿಯಿತು, ಶಾರ್ಟ್ ಇಲ್ಲ ಎಂದು ಖುಷಿಯಾಯಿತು. ಬಲ್ಬ್ ತೆಗೆದು ನೇರ ಪ್ಲಗ್ಗಿಗೆ ಹಾಕಿ, ಕನ್ನಡಕ ಒರೆಸಿಕೊಳ್ಳುತ್ತಾ ಕೂತೆ. ಅಷ್ಟರಲ್ಲಿ ಮಹಾನಂದ ಅಡುಗೆಮನೆಯಿಂದ ಓಡಿ ಬಂದಳು.

"ರೀ! ಏನೋ ಸುಡ್ತಿದೆ! ನಿಮ್ಗೆ ವಾಸ್ನೆ ಬರ್ತಿಲ್ವಾ?"

ಬಂದವಳೇ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತಳು. ನೋಡಿದರೆ ನಾನು ಬದಲಾಯಿಸದೆ ಬಿಟ್ಟಿದ್ದ ಒಂದು ರೆಸಿಸ್ಟರ್ ಕೆಳಗೆ ಕರ್ರಗೆ ಕರಕಲಾಗುತ್ತಿತ್ತು. ಇನ್ನೊಂದು ಚೂರು ಬಿಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಹೋಗಿ, ಇಡೀ ಸೆಟ್ಟು ನಿಜವಾಗಿಯೂ ಗುಜರಿಗೆ ಸೇರಬೇಕಿತ್ತು. ಅವಳು ನನ್ನನ್ನು ಬೈಯಲು ಬಾಯಿ ತೆರೆದು ಹಾಗೆಯೇ ನಿಂತಳು. ಮೂಗಿನಲ್ಲಿ ಉಸಿರಾಡದವನಿಗೆ ವಾಸನೆ ಎಲ್ಲಿಂದ ಬರಬೇಕು ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಎರಡು ವರ್ಷದಿಂದ ಅವಳ ಒಗ್ಗರಣೆಯ ಘಮ ನನಗೆ ಗೊತ್ತಿಲ್ಲ ಮುನಿ. ಅವಳಿಗೆ ಅದನ್ನು ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಒಳಗೆ ಹೋಗಿ ಮೊರ ಮತ್ತು ಬೆಳ್ಳುಳ್ಳಿ ತಂದಳು. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

"ನೀವು ಮಾಡ್ಕೊಳ್ಳಿ. ನಾನಿಲ್ಲೇ ಇರ್ತೀನಿ. ವಾಸ್ನೆ ಬಂದ್ರೆ ಹೇಳ್ತೀನಿ."

ಅವತ್ತಿನಿಂದ ಅವಳೇ ನನ್ನ ಮೂಗು. ಕ್ರಮೇಣ ಎಷ್ಟು ಪಳಗಿದಳೆಂದರೆ, "ಇದು ಧೂಳು ಕಾದಿರೋದು, ಪರ್ವಾಗಿಲ್ಲ" ಎನ್ನುವಳು. "ಇದು ಮೇಣ ಕರಗ್ತಿರೋ ವಾಸ್ನೆ, ಆರ್ಸಿ ಆರ್ಸಿ" ಎನ್ನುವಳು. ಮದುವೆಯಾಗಿ ಇಷ್ಟು ವರ್ಷ ಅಂಗಡಿಯ ಕಡೆ ತಲೆ ಹಾಕದವಳು, ವಾಲ್ವಿನ ಒಳಗೆ ಕೆಂಪಗೆ ಬೆಳಕು ಮೂಡಿದಾಗ ಮಗುವಿನ ಹಾಗೆ ಬಗ್ಗಿ ನೋಡುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು.

ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರು ಕಲ್ಲಾಗಿತ್ತು. ಅಂಥದ್ದು ಎಲ್ಲೂ ಸಿಗುವುದಿಲ್ಲ. ಚಾಮರಾಜಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ರೋಲರುಗಳಿಗೆ ರಬ್ಬರ್ ಹಾಕುವ ಹನುಮಂತಯ್ಯ ಎಂಬವನಿದ್ದಾನೆ, ಅವನ ಹತ್ತಿರ ಇಬ್ಬರೂ ಹೋದೆವು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇದ್ಯಾವ ಪ್ರೆಸ್ಸು ಯಜಮಾನ್ರೇ? ಇಲಿಗಳು ಪೇಪರ್ ನಡೆಸ್ತಾವಾ?" ಎಂದು ನಗಿಸಿದ. ನಾನು ಉತ್ತರ ಕೊಡದಿದ್ದಕ್ಕೆ ಮುಖ ನೋಡಿದ. ಮಹಾನಂದ ನಡೆದದ್ದನ್ನು ಹೇಳಿದಳು. ಅವನ ನಗು ನಿಂತಿತು.

"ಅಯ್ಯೋ, ಸೌಂಡ್ ಸರ್ವಿಸ್ ಸಿದ್ದಬಸಪ್ಪನೋರಾ? ಚಿಕ್ಕವನಿದ್ದಾಗ ಗಣೇಶನ ಪೆಂಡಾಲಲ್ಲಿ ಕಳೆದೋಗಿದ್ದೆ ಸಾರ್ ನಾನು. ಮೈಕಲ್ಲಿ ನನ್ನ ಹೆಸ್ರು ಕೂಗಿದ್ದು ನೀವೇ. ನೀಲಿ ಚಡ್ಡಿ ಹಾಕಿದಾನೆ, ಅಳ್ತಿಲ್ಲ, ಧೈರ್ಯವಾಗಿದಾನೆ ಅಂದ್ರಿ. ಅಳ್ತಾನೇ ಇದ್ದೆ. ನೀವು ಹಂಗಂದ್ಮೇಲೆ ನಿಲ್ಲಿಸ್ದೆ."

ಎಂಥ ಮಾತು ನೋಡು. ಮನೆಗೆ ಬರುವ ಆಟೋದಲ್ಲಿ ಮಹಾನಂದ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಹೊಸ ರಬ್ಬರು ಬಂದ ಮೇಲೆ ಕೆಲಸ ಸಲೀಸಾಯಿತು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಲ್ಟು ಕೂಡಿಸಿ, ಒಂದು ಮಧ್ಯಾಹ್ನ ಟೇಪು ಹಾಕಿದೆ. ಅದರಲ್ಲಿ ಏನಿದೆ ಎಂಬುದು ನನಗೂ ಮರೆತುಹೋಗಿತ್ತು. ಗುಂಡಿ ಒತ್ತಿದೆ. ಮುಂದಿನ ಹಸಿರು ಕಣ್ಣಿನ ವಾಲ್ವು ಬೆಳಗಿ, ಕಿರಿದಾಗಿ ಅಗಲವಾಗಿ ಆಡಿತು. ಗರಗರ ಸದ್ದು. ಆಮೇಲೆ ನಾನು.

"ಹಲೋ… ಹಲೋ… ಮೈಕ್ ಟೆಸ್ಟಿಂಗ್… ಮಹನೀಯರೇ, ಮಹಿಳೆಯರೇ…"

ಹಿಂದಿನಿಂದ ನೀನು! "ಲೇ ಸಿದ್ದು, ಹಾರ್ನು ಯಾವ ಕಡೆ ತಿರುಗಿಸ್ಲೋ? ಕೈ ಬಿದ್ದೋಗ್ತಿದೆ!" ಎಂದು ತಾರಸಿಯಿಂದ ಕಿರುಚುತ್ತಿದ್ದೀಯ. ನಿನ್ನ ದನಿ ಒಡೆದ ಕೊಳಲಿನ ಹಾಗಿತ್ತು ಮಾರಾಯ.

ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಬರಿಯ ಸುಯ್ ಶಬ್ದ. ಮತ್ತೆ ನನ್ನದೇ ದನಿ, ಈ ಸಲ ಮೆಲ್ಲಗೆ. ನಮಗೆ ಮದುವೆಯಾದ ಹೊಸತು, ಅಪ್ಪನ ಕಣ್ಣು ತಪ್ಪಿಸಿ ಸೆಟ್ಟನ್ನು ನಮ್ಮ ಕೋಣೆಗೆ ತಂದಿದ್ದೆನಂತೆ. ಇದು ಮಹಾನಂದಳಿಗೇ ಮೊದಲು ನೆನಪಾಯಿತು.

"ಮಹಾನಂದ, ಇಲ್ಲಿ ಬಾ. ಇದ್ರಲ್ಲಿ ಏನಾದ್ರೂ ಮಾತಾಡು." ಸದ್ದಿಲ್ಲ. ಬಳೆ ಆಡಿದ್ದು ಮಾತ್ರ ಕೇಳುತ್ತದೆ. "ಹೋಗ್ಲಿ, ಹೆಸ್ರಾದ್ರೂ ಹೇಳು." ಸದ್ದಿಲ್ಲ. "ನಮ್ಮನೆ ಹಿಡಿಸ್ತಾ ನಿಂಗೆ?" ಮತ್ತೆ ಸದ್ದಿಲ್ಲ. "ತವರುಮನೆ ನೆನಪಾಗುತ್ತಾ? ನನ್ ಹತ್ರ ಹೇಳ್ಬಹುದು."

ಅಷ್ಟೆ. ಪ್ರಶ್ನೆ, ಬಿಡುವು, ಪ್ರಶ್ನೆ, ಬಿಡುವು. ನಾನು ಮಹಾನಂದಳ ಕಡೆ ನೋಡಿದೆ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. "ಅತ್ತೆ ನಡುಮನೇಲೇ ಕೂತಿದ್ರಲ್ರೀ, ಹೇಗ್ ಮಾತಾಡ್ಲಿ?" ಎಂದಳು. ಆಮೇಲೆ, "ಇನ್ನೊಂದ್ಸಲ ಹಾಕಿ" ಎಂದಳು. ಹಾಕಿದೆ. ಈ ಸಲ ಒಂದೊಂದು ಬಿಡುವಿಗೂ ಅವಳು ಉತ್ತರ ಕೊಟ್ಟಳು.

"ಹೆಸ್ರಾದ್ರೂ ಹೇಳು."

"ಮಹಾನಂದ."

"ನಮ್ಮನೆ ಹಿಡಿಸ್ತಾ ನಿಂಗೆ?"

"ಹಿಡಿಸ್ತು ಕಣ್ರೀ. ಹಿಡಿಸ್ದೆ ಏನು."

ತವರಿನ ಪ್ರಶ್ನೆಗೆ ಉತ್ತರ ಹೇಳಲು ಅವಳಿಂದ ಆಗಲಿಲ್ಲ, ಅತ್ತುಬಿಟ್ಟಳು. ನಾನೂ ಅತ್ತೆ. ಇಬ್ಬರೂ ಅಳುತ್ತಿರುವಾಗ ಹೊರಗೆ ಗೇಟು ಸದ್ದಾಯಿತು. ಶಿವಾನಿ ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದವಳು ದನಿ ಕೇಳಿ ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿ ಬಂದಳು. "ಅಪ್ಪಾ! ಮಾತಾಡಿದ್ರಾ?" ಎಂದು ನನ್ನ ಎರಡೂ ಭುಜ ಹಿಡಿದಳು. ನಾನು ಮೇಜಿನ ಕಡೆ ಕೈ ತೋರಿಸಿದೆ. ಅವಳ ಮುಖ ಅರಳಿದ್ದನ್ನೂ ಬಾಡಿದ್ದನ್ನೂ ಒಟ್ಟಿಗೇ ನೋಡಿದೆ. ಆದರೂ ಅವಳು ಅಲ್ಲೇ ನೆಲದ ಮೇಲೆ ಕೂತು, ಕತ್ತಲಾಗುವವರೆಗೆ ಅದನ್ನೇ ಮತ್ತೆ ಮತ್ತೆ ಕೇಳಿದಳು. ನಿನ್ನ ಕಿರುಚಾಟಕ್ಕೆ ಪ್ರತಿ ಸಲವೂ ನಕ್ಕಳು.

ಮನೆಗೆ ಮತ್ತೆ ಜನ ಬರುತ್ತಿದ್ದಾರೆ. ಹನುಮಂತಯ್ಯ ಹೆಂಡತಿಯನ್ನು ಕರೆದುಕೊಂಡು ಬಂದು ಕೇಳಿ ಹೋದ. ಊಟವಾದ ಮೇಲೆ ಮಹಾನಂದ ತಾನೇ ಬಂದು, "ಟೇಪ್ ಹಾಕ್ರೀ" ಎನ್ನುತ್ತಾಳೆ. ಹಾಕುತ್ತೇನೆ.

ಶಿವರಾತ್ರಿಗೆ ನೀನೂ ಕುಸುಮಾ ಅವರೂ ಜೋಡಿಯಾಗಿ ಬಂದೇ ಬರಬೇಕು. ನಿನ್ನ ಹರೆಯದ ದನಿಯನ್ನು ನಿನ್ನ ಕಿವಿಯಿಂದಲೇ ಕೇಳುವೆಯಂತೆ. ಮಂಡಿನೋವಿನ ನೆಪ ಹೇಳಬೇಡ, ಮೆಜೆಸ್ಟಿಕ್ಕಿಗೆ ಶಿವಾನಿ ಬರುತ್ತಾಳೆ. ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ನಿನ್ನ ತೋಟ ತಂಪಾಗಿರಲಿ, ಟೊಮೇಟೊ ಬೆಲೆ ಈ ಸಲವಾದರೂ ನಿನ್ನ ಕೈ ಹಿಡಿಯಲಿ.

ನಿನ್ನ
ಸಿದ್ದು

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಮೇಲಿನದನ್ನೆಲ್ಲ ಮಹಾನಂದ ಓದಿದ್ದಾಳೆ. ಇದಿಷ್ಟು ನಿನಗೆ ಮಾತ್ರ.

ಈಗೀಗ ಅವಳು ಟೇಪಿಗೆ ಕೊಡುವ ಉತ್ತರ ಉದ್ದವಾಗಿದೆ. ಬಿಡುವು ಸಾಲದೆ ನನ್ನ ಕೈಯಿಂದ ಟೇಪು ನಿಲ್ಲಿಸಿಕೊಂಡು ಮಾತಾಡುತ್ತಾಳೆ. ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಏನೇನು ನೆನೆಸಿಕೊಂಡಳು, ಈ ಮನೆ ಈಗ ಎಷ್ಟು ನಿಶ್ಶಬ್ದ, ಸಂಜೆ ಹೊತ್ತು ಅವಳಿಗೆ ಹೇಗೆ ಭಯವಾಗುತ್ತದೆ, ಎಲ್ಲವನ್ನೂ ಅದಕ್ಕೆ ಹೇಳಿದಳು. ನನಗೆ ಇವೊಂದನ್ನೂ ಹೇಳಿರಲಿಲ್ಲ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ನಿನ್ನೆ ಹಾಗೆ ಕೂತಿದ್ದಾಗ ನನಗೂ ಅವಳನ್ನು ಏನೋ ಕೇಳಬೇಕೆನಿಸಿತು. ಸಂಜೆ ನನ್ನ ಜೊತೆ ಬ್ಯೂಗಲ್ ರಾಕ್ ಕಡೆ ನಡೆದು ಬರುತ್ತೀಯಾ ಎಂದು ಸ್ಲೇಟಿನಲ್ಲಿ ಬರೆದು ಅವಳ ಮುಂದೆ ಹಿಡಿದೆ. ಅವಳು ಟೇಪಿನಿಂದ ಕಣ್ಣು ತೆಗೆಯದೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಇರ್ರೀ ಒಂದ್ನಿಮಿಷ. ಅವ್ರು ಏನೋ ಕೇಳ್ತಿದಾರೆ."

ತನ್ನ ಬಾಯಿಂದ ಏನು ಬಂತೆಂದು ಅವಳಿಗೆ ತಿಳಿಯಲೇ ಇಲ್ಲ. ನಿಲ್ಲಿಸುವ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಒತ್ತಲು ಮನಸ್ಸು ಬರಲಿಲ್ಲ. ಅವಳ ಮುಖದಲ್ಲಿ ಅಂಥ ಗೆಲುವಿತ್ತು. ಅವನು ಕೇಳಿ ಮುಗಿಸಲೆಂದು ಸ್ಲೇಟು ಹಿಡಿದುಕೊಂಡು ಕೂತೆ.

ನೀನು ಬಂದಾಗ ಇದನ್ನು ಅವಳ ಮುಂದೆ ಎತ್ತಬೇಡ. ಟೇಪು ಆಮೇಲೆ ಕೇಳೋಣ. ಮೊದಲು ನನ್ನನ್ನು ಏನಾದರೂ ಕೇಳು ಮುನಿ. ನಾನು ಬರೆದು ಮುಗಿಸುವವರೆಗೂ ಕಾಯುತ್ತೀಯಲ್ಲ?